ಫೆಡರಲಿಸ್ಟ್ ಲೇಖನಗಳ ಕರ್ತೃತ್ವ ಮತ್ತು ಬೇಯ್ಸ್ ವಿಧಾನ: ಒಂದು ವಿಮರ್ಶೆ

ಗ್ರಂಥಕರ್ತೃತ್ವವನ್ನು ಕುರಿತ ವಿವಾದಗಳು ಇತಿಹಾಸಕಾರರಿಗೆ ಹೊಸವಲ್ಲ. ಆದರೆ ಅಂತಹ ಒಂದು ವಿವಾದವನ್ನು ಸಂಖ್ಯಾಶಾಸ್ತ್ರಜ್ಞರಿಬ್ಬರು ಕೈಗೆತ್ತಿಕೊಂಡು ತಮ್ಮ ತೀರ್ಪನ್ನು ಅಂಕಿಗಳಲ್ಲಿ ಒಪ್ಪಿಸಿದಾಗ, ಅದಕ್ಕೆ ಎಷ್ಟರ ಮಟ್ಟಿಗೆ ತಲೆಬಾಗಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆ. ಹಾರ್ವರ್ಡಿನ ಫ್ರೆಡರಿಕ್ ಮೋಸ್ಟೆಲರ್ ಮತ್ತು ಷಿಕಾಗೊ ವಿಶ್ವವಿದ್ಯಾನಿಲಯದ ಡೇವಿಡ್ ವ್ಯಾಲೇಸ್ ಇವರು ೧೯೬೪ರಲ್ಲಿ ಪ್ರಕಟಿಸಿ, ೧೯೮೪ರಲ್ಲಿ ಮರಳಿ ಅಚ್ಚು ಮಾಡಿಸಿದ ಫೆಡರಲಿಸ್ಟ್ ಅಧ್ಯಯನ ಇಂತಹುದು. ಅದರ ಗುಣವನ್ನೂ ಮಿತಿಯನ್ನೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ವಿವಾದದ ಹಿನ್ನೆಲೆ ಹೀಗಿದೆ. ಅಮೆರಿಕದ ಹೊಸ ಸಂವಿಧಾನವನ್ನು ನ್ಯೂಯಾರ್ಕ್ ಸಂಸ್ಥಾನವು ಅಂಗೀಕರಿಸಬೇಕೆಂದು ಪ್ರತಿಪಾದಿಸುತ್ತ ೧೭೮೭–೮೮ರಲ್ಲಿ ‘ಪಬ್ಲಿಯಸ್’ ಎಂಬ ಗುಪ್ತನಾಮದಿಂದ ೮೫ ಲೇಖನಗಳು ಹೊರಬಂದವು. ಇವನ್ನು ಬರೆದವರು ಅಲೆಕ್ಸಾಂಡರ್ ಹ್ಯಾಮಿಲ್ಟನ್, ಜೇಮ್ಸ್ ಮ್ಯಾಡಿಸನ್ ಮತ್ತು ಜಾನ್ ಜೇ. ಇವುಗಳಲ್ಲಿ ೧೨ ಲೇಖನಗಳನ್ನು ಹ್ಯಾಮಿಲ್ಟನ್ ತನ್ನವೆಂದನು, ಮ್ಯಾಡಿಸನ್ ತನ್ನವೆಂದನು. ೧೮೦೪ರ ಜುಲೈನಲ್ಲಿ ದ್ವಂದ್ವಯುದ್ಧದಲ್ಲಿ ಮಡಿಯುವ ಮುನ್ನ ಹ್ಯಾಮಿಲ್ಟನ್ ಒಂದು ಪಟ್ಟಿಯನ್ನು ಬಿಟ್ಟುಹೋಗಿದ್ದನು. ಮ್ಯಾಡಿಸನ್ನನ ಪಟ್ಟಿ ೧೮೧೮ರ ಮುದ್ರಣದಲ್ಲಿ ಬೆಳಕು ಕಂಡಿತು. ಜೇ ಬರೆದ ೬೪ನೆಯ ಲೇಖನದ ಬದಲು ೫೪ನೆಯದನ್ನು ಹ್ಯಾಮಿಲ್ಟನ್ನನ ಪಟ್ಟಿ ಜೇಯ ಹೆಸರಿಗೆ ಹಚ್ಚಿದೆ. ಆದುದರಿಂದ ಪಟ್ಟಿಯೊಂದನ್ನೇ ನಂಬುವಂತಿಲ್ಲ. ೧೯೪೪ರಲ್ಲಿ ಇತಿಹಾಸಕಾರ ಡಗ್ಲಾಸ್ ಅಡೇರ್ ಲೇಖನಗಳ ರಾಜಕೀಯ ವಿಚಾರಗಳನ್ನೂ ಬಾಹ್ಯ ಸಾಕ್ಷ್ಯವನ್ನೂ ತೂಗಿ ಮ್ಯಾಡಿಸನ್ನನ ಪಕ್ಷವನ್ನು ಎತ್ತಿಹಿಡಿದಿದ್ದನು.

ಮೋಸ್ಟೆಲರರ ಮೊದಲ ಯತ್ನ ವಿಫಲವಾಯಿತೆಂಬುದು ಗಮನಾರ್ಹ. ೧೯೪೧ರಲ್ಲಿ ಅವರು ಫ್ರೆಡರಿಕ್ ವಿಲಿಯಮ್ಸ್ ಅವರೊಡನೆ ವಾಕ್ಯಗಳ ಉದ್ದವನ್ನು ಅಳೆದರು. ಹ್ಯಾಮಿಲ್ಟನ್ನನ ವಾಕ್ಯದ ಸರಾಸರಿ ೩೪.೫೫ ಪದಗಳು, ಮ್ಯಾಡಿಸನ್ನನದು ೩೪.೫೯! ಒಂದೇ ಕಾಲದ, ಒಂದೇ ವಿದ್ಯಾಸಂಸ್ಕಾರದ ಇಬ್ಬರನ್ನು ಇದರಿಂದ ಬೇರ್ಪಡಿಸುವುದು ಸಾಧ್ಯವಿರಲಿಲ್ಲ. ಮುಂದೆ ಅವರ ದೃಷ್ಟಿ ವಿಷಯಕ್ಕೆ ತಕ್ಕಂತೆ ಬದಲಾಗದ, ಬರೆಯುವವನು ತಾನೇ ಗಮನಿಸದ ಸಣ್ಣ ಪದಗಳ ಮೇಲೆ ಬಿದ್ದಿತು. ‘ಅಪಾನ್’ ಎಂಬ ಪದವನ್ನು ಹ್ಯಾಮಿಲ್ಟನ್ ಸಾವಿರ ಪದಗಳಿಗೆ ಸುಮಾರು ೩ ಬಾರಿ ಬಳಸುತ್ತಾನೆ. ಮ್ಯಾಡಿಸನ್ ಆರು ಸಾವಿರ ಪದಗಳಿಗೆ ಸುಮಾರು ೧ ಬಾರಿ. ಇಂತಹ ೩೦ ಪದಗಳು ಕೊನೆಯ ಪರೀಕ್ಷೆಗೆ ಆಧಾರವಾದವು.

ಇಲ್ಲಿ ಬಳಸಿದ ತರ್ಕ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸನದು. ಅವನ ಪ್ರಬಂಧ ಅವನ ಮರಣಾನಂತರ, ೧೭೬೩ರಲ್ಲಿ ಪ್ರಕಟವಾಯಿತು. ಈ ತರ್ಕವು ಒಂದು ಊಹೆಯನ್ನು ಒಂಟಿಯಾಗಿ ನಿಲ್ಲಿಸಿ ಸರಿಯೋ ತಪ್ಪೋ ಎಂದು ಕೇಳುವುದಿಲ್ಲ. ಎರಡು ಊಹೆಗಳನ್ನು ಎದುರುಬದುರು ನಿಲ್ಲಿಸಿ, ಕೈಯಲ್ಲಿರುವ ಸಾಕ್ಷ್ಯವು ಯಾವುದರ ಪ್ರಕಾರ ಎಷ್ಟು ಪಾಲು ಹೆಚ್ಚು ಸಹಜವೆಂದು ಕೇಳುತ್ತದೆ. ಒಂದು ಉದಾಹರಣೆಯನ್ನು ನಾವೇ ಲೆಕ್ಕ ಹಾಕಿ ನೋಡೋಣ. ಎರಡು ಸಾವಿರ ಪದಗಳ ಲೇಖನವೊಂದರಲ್ಲಿ ‘ಅಪಾನ್’ ಒಮ್ಮೆಯೂ ಬಂದಿಲ್ಲವೆನ್ನೋಣ. ಹ್ಯಾಮಿಲ್ಟನ್ ಬರೆದುದಾದರೆ ಅದು ೬ ಬಾರಿ ಬರಬೇಕಾಗಿತ್ತು. ಪದಗಳು ಕೇವಲ ಯಾದೃಚ್ಛಿಕವಾಗಿ ಬೀಳುತ್ತವೆಂದು ಭಾವಿಸಿದರೆ, ಈ ಅಭಾವವು ಮ್ಯಾಡಿಸನ್ನನ ಪರವಾಗಿ ಸುಮಾರು ೨೯೦ ಪಾಲು ತೂಗುತ್ತದೆ. ಮೊದಲು ನಾವು ಮ್ಯಾಡಿಸನ್ನನಿಗೆ ವಿರುದ್ಧವಾಗಿ ಹತ್ತಕ್ಕೆ ಒಂದರಂತೆ ನಂಬಿದ್ದರೂ, ಈಗ ೨೯ಕ್ಕೆ ಒಂದರಂತೆ ಅವನ ಪರವಾಗಬೇಕಾಗುತ್ತದೆ. ಪೂರ್ವದ ನಂಬಿಕೆಯನ್ನು ಓದುಗನು ತಾನೇ ತರಲಿ, ಸಾಕ್ಷ್ಯದ ತೂಕವನ್ನು ಮಾತ್ರ ನಾವು ಕೊಡುತ್ತೇವೆ ಎಂಬ ಈ ನಿಲುವು ಇತಿಹಾಸಕಾರನಿಗೆ ಒಪ್ಪುವಂತಹುದೇ.

ಆದರೆ ಮೇಲಿನ ೨೯೦ ಎಂಬ ಅಂಕಿಯಲ್ಲಿಯೇ ದೋಷ ಅಡಗಿದೆ. ಒಬ್ಬನೇ ಲೇಖಕನು ಒಂದು ದಿನ ಬರೆದಂತೆ ಮತ್ತೊಂದು ದಿನ ಬರೆಯುವುದಿಲ್ಲ. ಇಬ್ಬರ ನಡುವಣ ವ್ಯತ್ಯಾಸವನ್ನು ಅಳೆಯುವ ಮುನ್ನ ಒಬ್ಬೊಬ್ಬನ ಒಳಗಿನ ವ್ಯತ್ಯಾಸವನ್ನು ಅಳೆಯಬೇಕು. ಮನಶ್ಶಾಸ್ತ್ರದ ಮಿಶ್ರವಿನ್ಯಾಸದ ಪ್ರಯೋಗಗಳಲ್ಲಿ ಏಳುವ ತೊಡಕೂ ಇದೇ. ಎರಡು ಗುಂಪಿನ ವಿದ್ಯಾರ್ಥಿಗಳಿಗೆ ಎರಡು ಕ್ರಮಗಳಲ್ಲಿ ಪಾಠ ಹೇಳಿ, ಪ್ರತಿಯೊಬ್ಬನ ಜ್ಞಾಪಕಶಕ್ತಿಯನ್ನು ಮೂರು ಬಾರಿ ಪರೀಕ್ಷಿಸಿದರೆ, ಒಬ್ಬನ ಮೂರು ಅಂಕಗಳನ್ನು ಮೂವರ ಅಂಕಗಳೆಂದು ಎಣಿಸುವಂತಿಲ್ಲ. ಹಾಗೆ ಎಣಿಸಿದರೆ ಪಾಠಕ್ರಮಗಳ ನಡುವಣ ಅಂತರಕ್ಕೆ ಇಲ್ಲದ ಬಲ ಬಂದೀತು. ಇಂತಹ ವಿನ್ಯಾಸಗಳಿಗೆ ಬೇಯ್ಸ್ ತೂಕವನ್ನು ಲೆಕ್ಕ ಹಾಕುವ ಕ್ರಮವೊಂದನ್ನು ಜೆಫ್ರಿ ರೌಡರ್ ಮತ್ತು ಸಂಗಡಿಗರು ೨೦೧೨ರಲ್ಲಿ ವಿವರಿಸಿದ್ದಾರೆ. ಮೋಸ್ಟೆಲರ್ ಮತ್ತು ವ್ಯಾಲೇಸರು ಅರ್ಧ ಶತಮಾನದ ಹಿಂದೆಯೇ ಇದನ್ನು ಅರಿತಿದ್ದರು. ಲೇಖನದಿಂದ ಲೇಖನಕ್ಕೆ ಆಗುವ ಏರಿಳಿತಕ್ಕೆ ಅವಕಾಶ ಕೊಡುವ ಗಣಿತರೂಪವನ್ನು ಅವರು ಆರಿಸಿಕೊಂಡರು. ಅದರಿಂದ ತೂಕ ಬಹಳ ಇಳಿಯಿತು. ಇಳಿದರೂ ಹನ್ನೆರಡು ಲೇಖನಗಳೂ ಮ್ಯಾಡಿಸನ್ನನ ಕಡೆಗೇ ವಾಲಿದವು. ೫೫ನೆಯದರಲ್ಲಿ ಮಾತ್ರ ಒಲವು ಉಳಿದವುಗಳಿಗಿಂತ ದುರ್ಬಲ. ತಮ್ಮ ಅಂಕಿಯನ್ನು ತಾವೇ ಕುಗ್ಗಿಸಿಕೊಂಡ ಈ ಪ್ರಾಮಾಣಿಕತೆಯೇ ಗ್ರಂಥದ ಶ್ರೇಷ್ಠ ಗುಣವೆಂದು ನಮ್ಮ ಅಭಿಪ್ರಾಯ.

ಇಷ್ಟಾದರೂ ಆಕ್ಷೇಪಗಳಿಗೆ ಎಡೆಯಿಲ್ಲದೆ ಇಲ್ಲ. ಮೊದಲನೆಯದಾಗಿ, ಮ್ಯಾಡಿಸನ್ ಬರೆದನೆಂದು ನಿರ್ವಿವಾದವಾದ ಫೆಡರಲಿಸ್ಟ್ ಲೇಖನಗಳು ೧೪ ಮಾತ್ರ. ಸಾಮಗ್ರಿ ಸಾಲದೆ ಅವನ ಇತರ ಬರಹಗಳನ್ನೂ ಸೇರಿಸಿಕೊಳ್ಳಬೇಕಾಯಿತು. ಬೇರೆ ಸಂದರ್ಭದ ಬರಹವು ಅದೇ ಲೇಖನಿಯ ಸಹಜ ರೀತಿಯನ್ನು ತೋರಿಸುತ್ತದೆಯೆಂಬುದು ಕೇವಲ ಭಾವನೆ. ಎರಡನೆಯದಾಗಿ, ಎರಡೇ ಊಹೆಗಳನ್ನು ತೂಗುವ ತಕ್ಕಡಿಯು ಮೂರನೆಯದರ ವಿಷಯದಲ್ಲಿ ಮೂಕವಾಗಿರುತ್ತದೆ. ಒಬ್ಬನು ಬರೆದುದನ್ನು ಮತ್ತೊಬ್ಬನು ತಿದ್ದಿದ್ದರೆ? ಲಕ್ಷಕ್ಕೆ ಒಂದು ಎಂಬ ಅನುಪಾತವು ಈ ಸಂದೇಹವನ್ನು ಲಕ್ಷಕ್ಕೆ ಒಂದರಷ್ಟು ಕುಗ್ಗಿಸಲಾರದು. ಇಂತಹ ಅನಿರೀಕ್ಷಿತ ಸಂಭವಗಳಿಂದಾಗಿ ಅತಿ ದೊಡ್ಡ ಅನುಪಾತಗಳನ್ನು ಅಕ್ಷರಶಃ ನಂಬಬಾರದೆಂದು ಗ್ರಂಥಕಾರರೇ ಎಚ್ಚರಿಸಿದ್ದಾರೆ. ಗ್ರಂಥವನ್ನು ಉದಾಹರಿಸುವವರು ಅಂಕಿಯನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಕೈಬಿಟ್ಟರೆ ಆ ತಪ್ಪು ಗ್ರಂಥಕಾರರದಲ್ಲ.

ಈ ವಿಧಾನವನ್ನು ನಮ್ಮ ಸಾಹಿತ್ಯಚರಿತ್ರೆಗೂ ಅನ್ವಯಿಸಬಾರದೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು ೧೮೯೮ರಲ್ಲಿ ಸಂಪಾದಿಸಿ ಪ್ರಕಟಿಸಿದಂದಿನಿಂದ, ಅದು ರಾಷ್ಟ್ರಕೂಟ ದೊರೆ ನೃಪತುಂಗನ ಕೃತಿಯೋ, ಅವನ ಆಸ್ಥಾನದ ಶ್ರೀವಿಜಯನದೋ ಎಂಬ ಚರ್ಚೆ ನಡೆದುಬಂದಿದೆ. ಇಲ್ಲಿಯೂ ಎರಡು ಊಹೆಗಳು ಎದುರುಬದುರಾಗಿವೆ. ಆದರೆ ತಕ್ಕಡಿಯಲ್ಲಿ ಇಡಲು ಕಲ್ಲೇ ಇಲ್ಲ. ನೃಪತುಂಗನದೆಂದು ನಿರ್ವಿವಾದವಾಗಿ ಹೇಳಬಹುದಾದ ಬೇರೊಂದು ಕನ್ನಡ ಕೃತಿ ಉಳಿದಿಲ್ಲ, ಶ್ರೀವಿಜಯನದೂ ಇಲ್ಲ. ಹೋಲಿಸಲು ಮಾದರಿಯಿಲ್ಲದಿರುವಾಗ ಯಾವ ಪದವನ್ನು ಎಣಿಸಿ ಏನು ಫಲ? ಅಲ್ಲದೆ ಅದು ಪದ್ಯಕೃತಿ. ಸಣ್ಣ ಪದಗಳ ಆಯ್ಕೆಯಲ್ಲಿ ಕವಿಯ ಅಭ್ಯಾಸದೊಡನೆ ಛಂದಸ್ಸಿನ ಬಲವಂತವೂ ಸೇರಿರುತ್ತದೆ. ಇಲ್ಲಿ ಅಂಕಿಯೊಂದನ್ನು ಹುಟ್ಟಿಸುವುದು ಕಷ್ಟವಲ್ಲ, ಅದಕ್ಕೆ ಅರ್ಥವಿರಲಾರದು. ಕೃತಿಯ ಒಳಗಿನ ಹೇಳಿಕೆಗಳನ್ನೂ ನಂತರದ ಕವಿಗಳ ಸ್ಮರಣೆಗಳನ್ನೂ ಪಾಠಾಂತರಗಳನ್ನೂ ತಾಳ್ಮೆಯಿಂದ ತೂಗುವ ಹಳೆಯ ಮಾರ್ಗವೇ ನಮಗೆ ಉಳಿದಿರುವುದು.

ಆದುದರಿಂದ ಮೋಸ್ಟೆಲರ್ ಮತ್ತು ವ್ಯಾಲೇಸರ ಗ್ರಂಥದಿಂದ ಇತಿಹಾಸದ ವಿದ್ಯಾರ್ಥಿಯು ಮುಖ್ಯವಾಗಿ ಕಲಿಯಬೇಕಾದುದು ಸಾಕ್ಷ್ಯವನ್ನು ಮಂಡಿಸುವ ಕ್ರಮವನ್ನು: ಎದುರು ಪಕ್ಷವನ್ನು ಹೆಸರಿಸಿ ಹೇಳುವುದು, ಪೂರ್ವದ ನಂಬಿಕೆಯನ್ನು ಮರೆಮಾಚದಿರುವುದು, ಒಬ್ಬನೊಳಗಿನ ಏರಿಳಿತವನ್ನು ಇಬ್ಬರ ಅಂತರವೆಂದು ಭ್ರಮಿಸದಿರುವುದು. ಮ್ಯಾಡಿಸನ್ನನ ಪಕ್ಷವು ಇಂದು ಸಾಮಾನ್ಯವಾಗಿ ಮಾನ್ಯವಾಗಿದ್ದರೆ, ಅದಕ್ಕೆ ಪದಗಳ ಎಣಿಕೆಯೊಂದೇ ಕಾರಣವಲ್ಲ. ಅಡೇರನು ವಿಚಾರಗಳ ಮೂಲಕ ತಲುಪಿದ ತೀರ್ಮಾನವನ್ನು ಇವರು ಬೇರೊಂದು ದಾರಿಯಿಂದ ಬಂದು ತಲುಪಿದರು. ಪರಸ್ಪರ ಆಶ್ರಯಿಸದ ಎರಡು ಸಾಕ್ಷ್ಯಗಳು ಒಂದೆಡೆ ಕೂಡಿದುದರಿಂದಲೇ ನಮಗೆ ಭರವಸೆ ಹುಟ್ಟುತ್ತದೆ.