ಕಪ್ಪು ಉಡುಗೆ, ನೋಯುವ ಮೈ

ಉಡುಗೆಯನ್ನೂ ಒಂದು ಕೃತಿಯಂತೆ ಓದಬಹುದು ಎಂದು ನಂಬಿದವಳು ನಾನು. ಬ್ರಿಟನ್ನಿನ ‘ಗಾಥ್’ ಉಡುಗೆಯನ್ನು ಹಾಗೆ ಓದಹೊರಟಾಗ ಅದರೊಳಗಿನ ಒಂದು ವಿಪರ್ಯಾಸ ಕಣ್ಣಿಗೆ ಬಿತ್ತು.

1970ರ ದಶಕದ ಕೊನೆಯಲ್ಲಿ ಪಂಕ್ ಸಂಗೀತದ ಬೆನ್ನಿಗೇ ಹುಟ್ಟಿ, 1982ರಲ್ಲಿ ಲಂಡನ್ನಿನ ಸೋಹೋದಲ್ಲಿ ತೆರೆದ ‘ಬ್ಯಾಟ್‌ಕೇವ್’ ಕ್ಲಬ್ಬಿನಲ್ಲಿ ಬಲಿತ ಶೈಲಿಯಿದು. ಅಡಿಯಿಂದ ಮುಡಿಯವರೆಗೆ ಕಪ್ಪು. ಬಿಳಿಚಿದ ಮುಖ, ದಟ್ಟವಾಗಿ ಕಾಡಿಗೆ ತೀಡಿದ ಕಣ್ಣು, ಸೊಂಟ ಬಿಗಿಯುವ ಕಾರ್ಸೆಟ್, ಮೊಣಕಾಲಿನವರೆಗೆ ಲಾಡಿ ಎಳೆದು ಕಟ್ಟುವ ಭಾರವಾದ ಬೂಟು. ಈ ಸಿಂಗಾರದ ಬೇರು ವಿಕ್ಟೋರಿಯಾ ರಾಣಿಯ ಕಾಲದ್ದು. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ, 1901ರಲ್ಲಿ ತಾನು ಸಾಯುವವರೆಗೂ ಆಕೆ ಶೋಕದ ಕಪ್ಪನ್ನು ಬಿಡಲಿಲ್ಲ. ಮರವೇ ಕಲ್ಲಾಗಿ ಕಪ್ಪಗಾದ, ವಿಟ್ಬಿ ಊರಿನ ‘ಜೆಟ್’ ಆಗ ಶೋಕದ ಒಡವೆಯಾಯಿತು. ಕ್ಷಯರೋಗಿಯ ಬಿಳಿಚಿದ ಕೆನ್ನೆ, ಮಿನುಗುವ ಕಣ್ಣು ಚೆಲುವಿನ ಲಕ್ಷಣವೆಂದು ಅನೇಕರು ಕೊಂಡಾಡುತ್ತಿದ್ದುದೂ ಆ ಶತಮಾನದಲ್ಲೇ. ಅದು ರೋಗಾಣುವಿನ ಕೆಲಸವೆಂದು ರಾಬರ್ಟ್ ಕಾಕ್ ತೋರಿಸಿದ್ದು 1882ರಲ್ಲಿ.

ನನ್ನ ತಕರಾರು ಇಲ್ಲಿದೆ. ರೋಗಿಯ ರೂಪವನ್ನು ಕಡ ತಂದ ಈ ಶೈಲಿ ರೋಗಿಯ ಮೈಯನ್ನು ಮಾತ್ರ ಬಾಗಿಲಾಚೆ ನಿಲ್ಲಿಸಿತು. ಫೈಬ್ರೋಮಯಾಲ್ಜಿಯಾ ಇದ್ದವಳಿಗೆ ಮೆಲ್ಲಗೆ ಒತ್ತಿದರೂ ನೋವು. ಅವಳು ಕಾರ್ಸೆಟ್ ತೊಡುವುದೆಂತು? ಆಮವಾತದಿಂದ ಬೆಳಗಿನ ಹೊತ್ತು ಬೆರಳು ಸೆಟೆದುಕೊಂಡವಳು ಬೂಟಿನ ಲಾಡಿ ಎಳೆಯುವುದೆಂತು?

ಆದರೂ ಇಂಥವರು ಕಪ್ಪನ್ನು ಬಿಟ್ಟುಕೊಟ್ಟಿಲ್ಲ ಎಂಬುದೇ ಸೊಗಸು. ಕಾರ್ಸೆಟ್ಟಿನ ಜಾಗಕ್ಕೆ ಎಲಾಸ್ಟಿಕ್ ಸೊಂಟದ ಉದ್ದ ಲಂಗ; ಮೆತ್ತನೆಯ ಹತ್ತಿಯ ಅಂಗಿಯ ಮೇಲೆ ಸಡಿಲವಾದ ಲೇಸು; ಬೂಟಿಗೆ ಪಕ್ಕದಲ್ಲಿ ಜಿಪ್ಪು, ಲಾಡಿ ಬರೀ ಅಂದಕ್ಕೆ. ಊರುಗೋಲಿಗೂ ಕರಿಬಣ್ಣ, ಚಿತ್ತಾರದ ಹಿಡಿ. ಲೂಪಸ್ ಕಾಯಿಲೆಯವರಿಗೆ ಬಿಸಿಲೇ ಶತ್ರು. ಅವರಿಗೆ ತುಂಬುತೋಳೂ ಕರಿಕೊಡೆಯೂ ಸಿಂಗಾರವೂ ಹೌದು, ಪಥ್ಯವೂ ಹೌದು. ಚಳಿಗೆ ಬೆರಳು ಬಿಳಿಚುವವರಿಗೆ ಲೇಸಿನ ಕೈಗವಸಿನೊಳಗೆ ಉಣ್ಣೆಯದು ಇನ್ನೊಂದು. ಏಳಲಾರದ ದಿನ ಒಂದು ಮಖಮಲ್ಲಿನ ಶಾಲು, ಒಂದು ಉಂಗುರ, ಅಷ್ಟೇ ಸಾಕು.

ಇದು ಅಸಲು ಗಾಥ್ ಅಲ್ಲ ಎಂದು ಮಡಿವಂತರು ಮೂಗು ಮುರಿಯಬಹುದು. ಬೆರಳು ಬಗ್ಗದ ದಿನಗಳಲ್ಲಿ, ನೆರಿಗೆಯನ್ನು ಮೊದಲೇ ಹೊಲಿಸಿಟ್ಟ ಸೀರೆಯುಟ್ಟು ಪಾಠಕ್ಕೆ ಹೋದವಳು ನಾನು. ಸೀರೆ ಸೀರೆಯಾಗಿಯೇ ಉಳಿಯಿತು, ನಾನೂ ನಾನಾಗಿಯೇ ಉಳಿದೆ. ಮೈ ಹಿಂಡುವುದೇ ಶೈಲಿಯ ಜೀವಾಳವಾದರೆ ಅದು ಶೈಲಿಯಲ್ಲ, ಶಿಕ್ಷೆ.

ಕಾಯಿಲೆ ಬಿದ್ದ ಹೆಣ್ಣಿಗೆ ನಾವು ಮೊದಲು ಹೇಳುವ ಮಾತು, “ಯಾರು ನೋಡಬೇಕು ಬಿಡೇ, ಒಂದು ಹಳೇ ನೈಟಿ ಹಾಕ್ಕೋ” ಎಂದು. ಕಾಳಜಿಯಿಂದಲೇ ಆಡಿದ ಮಾತು ಅದು, ನಿಜ. ಆದರೆ ಆ ಮಾತಿನೊಂದಿಗೆ ಅವಳ ಆಯ್ಕೆಯೂ ಕಪಾಟು ಸೇರಿಬಿಡುತ್ತದೆ. ನೋವು ತನ್ನ ಮೈಯನ್ನು ಆಳಿದರೂ ಬಟ್ಟೆಯ ಬಣ್ಣ ಆರಿಸುವವಳು ತಾನೇ ಎಂದು ಆ ಕಪ್ಪುಡುಗೆಯ ಹೆಂಗಸು ಹೇಳುತ್ತಾಳೆ. ನನಗೆ ಆ ಬಣ್ಣ ಒಗ್ಗದು. ಆ ಮಾತು ಒಗ್ಗಿದೆ.