ಗನ್ನಿಗೆ ನೂರು, ಗಾಳಿಗೆ ಸೊನ್ನೆ

ಗುದ್ದಿಸಿಕೊಂಡ ಕಾರಿನ ಬಾಗಿಲನ್ನು ರಿಪೇರಿ ಮಾಡಿಸಿದವರು ಮೊದಲು ಮಾಡುವ ಕೆಲಸ, ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ ಓರೆಯಾಗಿ ನೋಡುವುದು. ಹಳೆಯ ಬಣ್ಣ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಗೊತ್ತಾಗದಿದ್ದರೆ ಪೇಂಟರ್ ಗೆದ್ದ. ಗೊತ್ತಾದರೆ ಬಿಲ್ಲಿನ ಚೌಕಾಸಿ ಶುರು. ಕೆಲಸ ಮಾಡಿದ್ದೇ ಕಾಣದಂತಿದ್ದರೆ ಪೂರ್ತಿ ಅಂಕ ಸಿಗುವ ಕಸುಬುಗಳು ಹೆಚ್ಚಿಲ್ಲ. ಸ್ಪ್ರೇ ಪೇಂಟಿಂಗ್ ಅಂಥದ್ದೊಂದು. ಈ ಲೆಕ್ಕದಲ್ಲಿ ನಮ್ಮ ಊರುಗಳ ಟಿಂಕರಿಂಗ್-ಪೇಂಟಿಂಗ್ ಗ್ಯಾರೇಜುಗಳು ಬೆರಗು ಹುಟ್ಟಿಸುತ್ತವೆ. ತಗಡಿನ ಮಾಡು, ಧೂಳು ಏಳದಂತೆ ನೀರು ಚಿಮುಕಿಸಿದ ನೆಲ, ಒಂದು ಪ್ಲಾಸ್ಟಿಕ್ ಪರದೆ. ಇಷ್ಟರಲ್ಲೇ ಕಂಪನಿಯ ಬೂತ್‌ನಿಂದ ಈಗಷ್ಟೇ ಹೊರಬಂದಂತೆ ಕಾಣುವ ಬಾಗಿಲು ತಯಾರಾಗುತ್ತದೆ.

ನನ್ನ ತಕರಾರಿರುವುದು ಅಂಕ ಕೊಡುವ ಈ ಕ್ರಮದ ಮೇಲೆ. ಅದು ನೋಡುವುದು ಬರೀ ತಗಡನ್ನು. ಈ ಕಸುಬಿನ ನಿಜವಾದ ಸಲಕರಣೆ ಗಾಳಿ: ಸ್ಪ್ರೇ ಗನ್ನಿನೊಳಗೆ ಹೋಗುವ ಗಾಳಿ, ಬಣ್ಣವನ್ನು ಹೊತ್ತು ಹೊರಬರುವ ಗಾಳಿ, ಹೊಡೆಯುವವನು ಎಳೆದುಕೊಳ್ಳುವ ಗಾಳಿ. ಗನ್ನನ್ನು ಹತ್ತು ಅಂಗಡಿ ತಿರುಗಿ ಕೊಳ್ಳುವ ಗ್ಯಾರೇಜು ಈ ಮೂರನ್ನೂ ಪುಕ್ಕಟೆ ಬಂದದ್ದು ಎಂದುಕೊಂಡಿದೆ.

ಗನ್ನಿನ ವಂಶಾವಳಿ ನೋಡಿದರೆ ಇದು ಇನ್ನಷ್ಟು ವಿಚಿತ್ರ. ಅಮೆರಿಕದ ಟೊಲಿಡೊ ನಗರದಲ್ಲಿ ಆಲನ್ ಡಿವಿಲ್ಬಿಸ್ ಎಂಬ ವೈದ್ಯರಿದ್ದರು. ರೋಗಿಗಳ ಗಂಟಲಿಗೆ ಔಷಧಿಯನ್ನು ಮಂಜಿನಂತೆ ಸಿಂಪಡಿಸುವ ಸಾಧನ ಮಾಡಿ, 1888ರಲ್ಲಿ ಕಂಪನಿ ಕಟ್ಟಿದರು. ಅದೇ ತತ್ವವನ್ನು ಅವರ ಮಗ ಥಾಮಸ್ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಬಣ್ಣಕ್ಕೆ ಒಗ್ಗಿಸಿದರು. ಉಸಿರಿನ ದಾರಿಗೆ ಔಷಧಿ ತಲುಪಿಸಲು ಹುಟ್ಟಿದ ಸಲಕರಣೆ ಇದು. ಮುಂದೆ 1920ರ ದಶಕದಲ್ಲಿ ಡ್ಯುಪಾಂಟ್ ಕಂಪನಿಯ ‘ಡ್ಯೂಕೊ’ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರುಗಳ ಮೇಲೆ ಬಂತು. ಬ್ರಷ್ ಎಳೆಯುವ ಮೊದಲೇ ಒಣಗುವ ಬಣ್ಣ ಅದು. ಗನ್ ಇಲ್ಲದೆ ಹೊಡೆಯುವುದೇ ಕಷ್ಟ. ವಾರಗಟ್ಟಲೆ ಒಣಗುತ್ತಿದ್ದ ವಾರ್ನಿಷ್ ಹೋಗಿ ಗಂಟೆಗಳ ಲೆಕ್ಕ ಬಂತು, ಕಾರಿಗೆ ಬಣ್ಣ ಎಂದರೆ ಸ್ಪ್ರೇ ಎಂದಾಯಿತು. ನಮ್ಮಲ್ಲಿ ಹಳೆಯ ಪೇಂಟರುಗಳ ಬಾಯಲ್ಲಿ ಇವತ್ತಿಗೂ ‘ಡ್ಯೂಕೊ’ ಉಳಿದಿದೆ. ಹೊಡೆಯುವುದು ಬೇರೇನೇ ಆದರೂ ಹೆಸರು ಅದೇ.

ಮೊದಲು ಒಳಗೆ ಹೋಗುವ ಗಾಳಿಯನ್ನು ನೋಡೋಣ. ಈಗ ಎಲ್ಲರ ಕೈಯಲ್ಲೂ ಎಚ್‌ವಿಎಲ್‌ಪಿ ಗನ್. ಹೆಚ್ಚು ಗಾಳಿ, ಕಡಿಮೆ ಒತ್ತಡ ಎಂಬುದು ಅದರ ಸಿದ್ಧಾಂತ. ಗನ್ನಿನ ತುದಿಯ ಗಾಳಿಟೋಪಿಯ (ಏರ್ ಕ್ಯಾಪ್) ಬಾಯಲ್ಲಿ ಒತ್ತಡ 10 ಪಿಎಸ್‌ಐ ಮೀರಬಾರದು. ಹೊಡೆದ ಬಣ್ಣದಲ್ಲಿ ಕನಿಷ್ಠ 65 ಪ್ರತಿಶತ ತಗಡಿಗೆ ಸೇರಬೇಕು. 40-50 ಪಿಎಸ್‌ಐನಲ್ಲಿ ಭರ್ರೆಂದು ಹೊಡೆಯುವ ಹಳೆಯ ಗನ್ನಿನಲ್ಲಿ ಮೂರನೇ ಒಂದು ಪಾಲು ಸೇರಿದರೆ ಹೆಚ್ಚು, ಉಳಿದದ್ದು ಗಾಳಿಪಾಲು. ಕಾಗದದ ಮೇಲೆ ಎಚ್‌ವಿಎಲ್‌ಪಿಗೆ ಎದುರೇ ಇಲ್ಲ. ಆದರೆ ಅದಕ್ಕೆ ನಿಮಿಷಕ್ಕೆ ಹತ್ತು-ಹನ್ನೆರಡು ಘನ ಅಡಿ ಗಾಳಿ ಬೇಕು. ಎರಡು ಎಚ್‌ಪಿ ಕಂಪ್ರೆಸರಿನ ಮೇಲೆ ಏಳೆಂಟು ಎಂದು ಬರೆದಿದ್ದರೂ, ನಿಜಕ್ಕೂ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಬಾಗಿಲಿನ ಅರ್ಧಕ್ಕೆ ಬರುವಷ್ಟರಲ್ಲಿ ಟ್ಯಾಂಕು ಸೋಲುತ್ತದೆ, ಹನಿ ದಪ್ಪವಾಗುತ್ತದೆ, ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿ. ಆಗ ಗನ್ನಿಗೆ ಬೈಗುಳ. ಹೊಸ ಗನ್ ಕೊಳ್ಳುವ ಉತ್ಸಾಹದ ಕಾಲುಭಾಗ ಕಂಪ್ರೆಸರಿನ ಮೇಲಿದ್ದರೂ ಸಾಕಿತ್ತು. ಸಣ್ಣ ಕಂಪ್ರೆಸರ್ ಇಟ್ಟುಕೊಂಡವರಿಗೆ ಕಡಿಮೆ ಗಾಳಿ ಕುಡಿಯುವ, ಮಧ್ಯಮ ಒತ್ತಡದ ಗನ್ನೇ ವಾಸಿ. ಪೆಟ್ಟಿಗೆಯ ಮೇಲೆ ಎಚ್‌ವಿಎಲ್‌ಪಿ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಮೋಹಗೊಳ್ಳಬೇಕಿಲ್ಲ.

ಒತ್ತಡ ಹೊಂದಿಸುವ ರೀತಿಯಲ್ಲೂ ಅದೇ ಅಸಡ್ಡೆ. ಟ್ರಿಗರ್ ಬಿಟ್ಟು ಗೇಜ್ ನೋಡಿದರೆ ಅದು ತೋರಿಸುವುದು ನಿಂತ ಗಾಳಿಯ ಒತ್ತಡವನ್ನು. ಟ್ರಿಗರ್ ಒತ್ತಿ, ಗಾಳಿ ಹರಿಯುತ್ತಿರುವಾಗ ಎಷ್ಟು ಇಳಿಯುತ್ತದೋ ಅದು ಲೆಕ್ಕ. ಗೇಜ್ ಇರಬೇಕಾದದ್ದು ಗನ್ನಿನ ಹಿಡಿಯ ಬುಡದಲ್ಲಿ. ಇಪ್ಪತ್ತು ಅಡಿ ಆಚೆಯ ಕಂಪ್ರೆಸರಿನಲ್ಲಿ ಐವತ್ತು ಎಂದಿದ್ದರೆ, ಸಪೂರ ಪೈಪಿನಲ್ಲಿ ತೂರಿ ಗನ್ ತಲುಪುವಷ್ಟರಲ್ಲಿ ಅದರಲ್ಲೊಂದಷ್ಟು ಸೋರಿಹೋಗಿರುತ್ತದೆ.

ಇನ್ನು ನೀರು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ಟ್ಯಾಂಕಿನಲ್ಲಿ ತಣಿದಾಗ ಅದರಲ್ಲಿದ್ದ ತೇವ ನೀರಾಗಿ ತಳ ಸೇರುತ್ತದೆ. ಟ್ಯಾಂಕಿನ ಅಡಿಯ ಡ್ರೇನ್ ವಾಲ್ವನ್ನು ದಿನಕ್ಕೊಮ್ಮೆ ತಿರುಗಿಸಿದರೆ ತುಕ್ಕು ಬೆರೆತ ಕೆಂಪು ನೀರು ಚಿರ್ರೆಂದು ಬರುತ್ತದೆ. ತಿಂಗಳುಗಟ್ಟಲೆ ತಿರುಗಿಸದ ವಾಲ್ವುಗಳೇ ಹೆಚ್ಚು. ಆ ನೀರು ಹನಿಹನಿಯಾಗಿ ಬಣ್ಣದೊಳಗೆ ಬರುತ್ತದೆ, ಜೊತೆಗೆ ಪಿಸ್ಟನ್ ದಾಟಿದ ಎಣ್ಣೆಯೂ. ಬಣ್ಣ ಅಲ್ಲಲ್ಲಿ ದುಂಡಗೆ ಸರಿದು ಕುಳಿ ಬೀಳುವ ‘ಫಿಶ್ ಐ’ಗೆ ಎಣ್ಣೆಯೂ ಸಿಲಿಕಾನ್ ಪಾಲಿಶ್ಶೂ ಕಾರಣ. ಕರಾವಳಿಯ ಮಳೆಗಾಲದಲ್ಲಿ ಮತ್ತೊಂದು ಆಟ. ಥಿನ್ನರ್ ಬೇಗ ಆರುವಾಗ ತಗಡಿನ ಮೇಲ್ಮೈ ತಣ್ಣಗಾಗಿ, ಸುತ್ತಲಿನ ತೇವ ಅದರ ಮೇಲೆ ಇಳಿದು, ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ನಿಧಾನ ಆರುವ ಥಿನ್ನರ್ ಬೆರೆಸುವುದು ಎಲ್ಲರಿಗೂ ಗೊತ್ತು. ಆದರೆ ಗಾಳಿ ಸಾಲಿಗೆ ಫಿಲ್ಟರ್ ಹಾಕಿಸುವುದು ಮಾತ್ರ ಮುಂದಿನ ವರ್ಷದ ಖರ್ಚಿನ ಪಟ್ಟಿಯಲ್ಲೇ ಇರುತ್ತದೆ.

ಎರಡನೆಯ ಗಾಳಿ, ಅಂದರೆ ಬಣ್ಣ ಹೊತ್ತು ಹೊರಬರುವುದು, ಇದರಲ್ಲಿ ನಮ್ಮವರನ್ನು ಹೊಗಳದೆ ವಿಧಿಯಿಲ್ಲ. ಗನ್ ತಗಡಿಗೆ ಆರೆಂಟು ಇಂಚು ದೂರ, ಸದಾ ನೇರ. ಮಣಿಕಟ್ಟು ತಿರುಗಿದರೆ ನಡುವೆ ದಪ್ಪ, ಅಂಚಿನಲ್ಲಿ ತೆಳು. ಹಾಗಾಗಿ ಚಲಿಸುವುದು ಇಡೀ ತೋಳು, ಕೆಲವೊಮ್ಮೆ ಇಡೀ ಮೈ. ಬಾಗಿಲಿನ ಅಂಚಿಗೆ ಮುಂಚೆಯೇ ಕೈ ಹೊರಡುತ್ತದೆ, ಆಮೇಲೆ ಟ್ರಿಗರ್ ಒತ್ತುತ್ತದೆ. ಆಚೆಯ ಅಂಚು ದಾಟಿದ ಮೇಲೆಯೇ ಬಿಡುತ್ತದೆ. ಪ್ರತಿ ಗೆರೆ ಹಿಂದಿನದರ ಅರ್ಧದ ಮೇಲೆ ಕೂರುತ್ತದೆ. ಮೆಟಾಲಿಕ್ ಬಣ್ಣದಲ್ಲಿ ಒಂದೇ ಡಬ್ಬಿಯ ಬಣ್ಣ ಒದ್ದೆಯಾಗಿ ಕೂತರೆ ಗಾಢ, ಒಣದಾಗಿ ಕೂತರೆ ತಿಳಿ. ಇದನ್ನು ತಿಳಿದ ಕೈ ಕಂಪ್ಯೂಟರ್ ಕೊಟ್ಟ ಫಾರ್ಮುಲಾ ತಪ್ಪಿದ್ದನ್ನೂ ಗನ್ನಿನ ವೇಗದಲ್ಲೇ ತಿದ್ದಿಬಿಡುತ್ತದೆ. ಐಟಿಐ ಮೆಟ್ಟಿಲು ಹತ್ತದೆ, ಹತ್ತು-ಹನ್ನೆರಡು ವರ್ಷ ವಾಟರ್ ಪೇಪರ್ ಉಜ್ಜುತ್ತಾ ಮೇಸ್ತ್ರಿಯ ಪಕ್ಕ ನಿಂತು ಕಲಿತ ವಿದ್ಯೆ ಇದು.

ಆದರೆ ಇದೇ ಕೈ ಅಳತೆಯನ್ನು ಕಂಡರೆ ಮಾರು ದೂರ. ಥಿನ್ನರ್ ಬೆರೆಸಿ, ಕಡ್ಡಿ ಎತ್ತಿ, ಬಣ್ಣ ಇಳಿಯುವುದನ್ನು ನೋಡಿ ‘ಸಾಕು’ ಎನ್ನುತ್ತದೆ. ಬಣ್ಣದ ಮಂದ ಅಳೆಯಲು, ತಳದಲ್ಲಿ ತೂತಿರುವ ಬಿ-4 ಕಪ್ ತುಂಬಿಸಿ, ಧಾರೆ ಕಡಿಯುವವರೆಗೆ ಸೆಕೆಂಡು ಎಣಿಸುವುದು ಯಾರಿಗೂ ಬರದ ವಿದ್ಯೆಯೇನಲ್ಲ. ಹದಿನೆಂಟರಿಂದ ಇಪ್ಪತ್ತೆರಡು ಸೆಕೆಂಡು ಬಂದರೆ ಬೇಸ್ ಕೋಟಿಗೂ ಕ್ಲಿಯರಿಗೂ ಬಹುಮಟ್ಟಿಗೆ ಸರಿ. ಬಣ್ಣದ ಡಬ್ಬಿ ಬೇರೆ ಹೇಳಿದರೆ ಡಬ್ಬಿಯ ಮಾತೇ ಕೊನೆ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಬಣ್ಣದ ಮಂದ ಬದಲಾಗುತ್ತದೆ. ಕಡ್ಡಿಯ ಅಂದಾಜು ಬದಲಾಗುವುದಿಲ್ಲ.

ಕಾಗದದ ಮೇಲೆ ಹೊಡೆದು ನೋಡುವ ಪರೀಕ್ಷೆಯನ್ನು ಬಿಟ್ಟುಬಿಡುವವರ ಬಗ್ಗೆ ನನಗೆ ಸಹನೆ ಇನ್ನೂ ಕಡಿಮೆ. ಗೋಡೆಗೆ ಹಳೆಯ ಪತ್ರಿಕೆ ಅಂಟಿಸಿ, ಗನ್ ಅಲುಗಿಸದೆ ಒಂದು ಕ್ಷಣ ಟ್ರಿಗರ್ ಒತ್ತಬೇಕು. ಉದ್ದನೆಯ ಅಂಡಾಕಾರ, ಎಲ್ಲೆಡೆ ಒಂದೇ ಹದ ಬಂದರೆ ಬಾಗಿಲಿಗೆ ಹೋಗಬಹುದು. ನಡುವೆ ಮಾತ್ರ ದಪ್ಪವಾದರೆ ಬಣ್ಣ ಮಂದ ಅಥವಾ ಗಾಳಿ ಸಾಲದು. ನಡುವೆ ಸಪೂರವಾಗಿ ಎರಡೂ ತುದಿಯಲ್ಲಿ ಗುಡ್ಡೆಯಾದರೆ ಗಾಳಿ ಅತಿಯಾಗಿದೆ. ಒಂದು ಬದಿಗೆ ಬಾಗಿ ಬಂದರೆ ಎಲ್ಲೋ ತೂತು ಕಟ್ಟಿದೆ. ಎಲ್ಲಿ? ಗಾಳಿಟೋಪಿಯನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆಯಬೇಕು. ಬಾಗು ಆಚೆ ಬದಿಗೆ ತಿರುಗಿದರೆ ದೋಷ ಟೋಪಿಯದ್ದು. ಅಲ್ಲೇ ನಿಂತರೆ ನಾಝಲ್‌ನದ್ದು. ಇಷ್ಟು ಖಚಿತವಾಗಿ ತನ್ನ ಕಾಯಿಲೆಯನ್ನು ತಾನೇ ಹೇಳುವ ಯಂತ್ರಗಳು ಕಡಿಮೆ. ಇದನ್ನು ಕೇಳದೆ, ಕೈಗೆ ಸಿಕ್ಕ ತಂತಿಯನ್ನು ತೂತಿಗೆ ತುರುಕಿ ಕುಲುಕುತ್ತಾರೆ. ಹಿತ್ತಾಳೆಯ ತೂತು ಒಮ್ಮೆ ಅಗಲವಾದರೆ ಆ ಟೋಪಿಯ ಕಥೆ ಮುಗಿದಂತೆ. ಥಿನ್ನರಿನಲ್ಲಿ ನೆನೆಸಿ ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿದರೆ ಹೋಗುವ ಕಸಕ್ಕೆ ಇಷ್ಟು ಬೆಲೆ.

ಮೂರನೆಯ ಗಾಳಿಗೆ ನಾನು ಕೊಡುವುದು ಸೊನ್ನೆಯೇ. ಕಾರಿನ ಕ್ಲಿಯರ್ ಕೋಟ್ ಇವತ್ತು ಹೆಚ್ಚಾಗಿ 2ಕೆ, ಅಂದರೆ ಎರಡು ಭಾಗ ಬೆರೆಸುವ, ಪಾಲಿಯುರಿಥೇನ್. ಅದಕ್ಕೆ ಬೆರೆಸುವ ಹಾರ್ಡ್‌ನರ್‌ನಲ್ಲಿರುವುದು ಐಸೊಸಯನೇಟ್. ಮಂಜಾಗಿ ಶ್ವಾಸಕೋಶಕ್ಕೆ ಹೋದರೆ ಕೆಲವರಲ್ಲಿ ಅದು ಅಸ್ತಮಾ ಹುಟ್ಟಿಸುತ್ತದೆ. ಒಮ್ಮೆ ಮೈಗೆ ಹತ್ತಿದ ಮೇಲೆ ಚೂರೇ ಚೂರು ತಾಗಿದರೂ ಉಬ್ಬಸ ಎದ್ದು ಬರುತ್ತದೆ. ಆಮೇಲೆ ಕಸುಬು ಬಿಡುವುದೇ ಉಳಿದ ದಾರಿ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆ ಅಲ್ಲಿನ ವಾಹನ ಪೇಂಟರುಗಳಿಗೆ ಅಸ್ತಮಾ ಬರುವ ಅಪಾಯ ಉಳಿದ ದುಡಿಮೆಗಾರರಿಗಿಂತ ಸುಮಾರು 80 ಪಟ್ಟು ಹೆಚ್ಚು ಎಂದು ಎಚ್ಚರಿಸಿತ್ತು. ಬೂತು, ತಪಾಸಣೆ ಎಲ್ಲ ಇರುವ ದೇಶದ ಮಾತು ಅದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಪೇಂಟರ್ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 1989ರಲ್ಲಿ.

ನಮ್ಮಲ್ಲಿ ಇದಕ್ಕೆ ಉತ್ತರ ಮೂಗಿಗೆ ಕಟ್ಟಿದ ಕರ್ಚೀಫು. ಸ್ವಲ್ಪ ತಿಳಿದವರದ್ದು ಕೋವಿಡ್ ಕಾಲದಲ್ಲಿ ಉಳಿದ ಬಟ್ಟೆ ಮಾಸ್ಕು. ಕರ್ಚೀಫು ಬಣ್ಣದ ದಪ್ಪ ಹನಿಯನ್ನು ಹಿಡಿದೀತು. ಥಿನ್ನರಿನ ಆವಿಯನ್ನೂ ಸಣ್ಣ ಮಂಜನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಇದ್ದಿಲು ಕಾರ್ಟ್ರಿಜ್ ಇರುವ ಮಾಸ್ಕು ಎಷ್ಟೋ ವಾಸಿ. ಅದನ್ನೂ ಬಳಸುವ ರೀತಿ ನೋಡಬೇಕು: ಕೆಲಸ ಮುಗಿಸಿ ಅದೇ ಶೆಡ್ಡಿನ ಮೊಳೆಗೆ ನೇತುಹಾಕುತ್ತಾರೆ. ರಾತ್ರಿಯಿಡೀ ಅಲ್ಲಿನ ಆವಿಯನ್ನು ಕುಡಿದು ಬೆಳಗಾಗುವಷ್ಟರಲ್ಲಿ ಇದ್ದಿಲು ಅರ್ಧ ಸತ್ತಿರುತ್ತದೆ. ಮುಚ್ಚಳವಿರುವ ಡಬ್ಬಿಗೆ ಹಾಕಿಟ್ಟರೆ ಮುಗಿಯಿತು, ಅಷ್ಟೂ ಮಾಡುವುದಿಲ್ಲ. ಗಡ್ಡ ಬಿಟ್ಟವರ ಕೆನ್ನೆಯ ಸಂದಿಯಲ್ಲಿ ಮಾಸ್ಕು ಕೂರುವುದೂ ಇಲ್ಲ. ಐಸೊಸಯನೇಟ್ ವಿಷಯದಲ್ಲಂತೂ ಮೂಗು ನಂಬಿಕೆಗೆ ಅರ್ಹವಲ್ಲ. ವಾಸನೆ ಬರುವ ಹೊತ್ತಿಗೆ ಸುರಕ್ಷಿತ ಮಿತಿ ದಾಟಿರುತ್ತದೆ. ಹಾಗಾಗಿಯೇ 2ಕೆ ಹೊಡೆಯುವವರಿಗೆ ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಬರುವ ಮುಖಕವಚವೇ ಬೇಕೆನ್ನುವುದು. ಗ್ಯಾರೇಜಿನ ಎಣ್ಣೆ ಕಂಪ್ರೆಸರಿನಿಂದ ಒಂದು ಪೈಪ್ ಎಳೆದು ಮೂಗಿಗೆ ಕೊಟ್ಟರೆ ಅದಾಗಲಿಲ್ಲ. ಉಸಿರಾಟಕ್ಕೆಂದೇ ಶುದ್ಧ ಮಾಡುವ ಫಿಲ್ಟರ್ ಸಾಲು ಬೇಕು, ಕಂಪ್ರೆಸರ್ ಗಾಳಿ ಎಳೆಯುವ ಬಾಯಿ ಹೊಗೆಯಿಂದ ದೂರವಿರಬೇಕು.

ಕವಚ ಇದ್ದವರೂ ಒಂದು ಕಡೆ ಸೋಲುತ್ತಾರೆ. ಕೋಟ್ ಮುಗಿದ ತಕ್ಷಣ ಹೊಳಪು ಹೇಗೆ ಬಂತು ಎಂದು ನೋಡಲು ಮುಖದ ಗಾಜನ್ನು ಎತ್ತುತ್ತಾರೆ. ಕಣ್ಣಿಗೆ ಕಾಣುವ ಮಂಜು ಆಗಲೇ ಇಳಿದಿದ್ದರೂ, ಕಾಣದ್ದು ಇನ್ನೂ ಅಲ್ಲೇ ತೇಲುತ್ತಿರುತ್ತದೆ. ಕೆಲಸದ ಮೇಲಿನ ಪ್ರೀತಿಯೇ ಇಲ್ಲಿ ಶತ್ರು.

ಬೆಂಕಿಯ ವಿಷಯ ಚುಟುಕಾಗಿ ಹೇಳಬಹುದು. ಎನ್‌ಸಿ ಥಿನ್ನರಿನ ಆವಿ ನಮ್ಮ ಮಾಮೂಲಿ ಹವೆಯಲ್ಲೇ ಕಿಡಿಗೆ ಕಾಯುತ್ತಿರುತ್ತದೆ, ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದುಹೋಗುತ್ತದೆ. ಕಂಪ್ರೆಸರಿನ ಮೋಟಾರು ಮತ್ತು ಸ್ವಿಚ್ಚು ಅದೇ ಶೆಡ್ಡಿನ ನೆಲದಲ್ಲಿ ಕೂತಿರುತ್ತವೆ. ಗೋಡೆಯಾಚೆ ಇಡುವುದಕ್ಕೆ ಬೇಕಾದದ್ದು ಒಂದು ತೂತು, ಹತ್ತಡಿ ಪೈಪು. ಒತ್ತಡದ ಗಾಳಿಯಿಂದ ಮೈಮೇಲಿನ ಧೂಳು ಹೊಡೆದುಕೊಳ್ಳುವ ಅಭ್ಯಾಸಕ್ಕೂ, ಅದರಿಂದ ಆಡುವ ಹುಡುಗಾಟಕ್ಕೂ ಕ್ಷಮೆಯಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಒಂದು ಸರ್ವಿಸ್ ಕೇಂದ್ರದಲ್ಲಿ ಅಂಥ ಹುಡುಗಾಟಕ್ಕೆ ಯುವಕನೊಬ್ಬನ ಕರುಳು ಹರಿದು ಜೀವ ಹೋಯಿತು.

ಪೇಂಟರನ್ನಷ್ಟೇ ದೂರಿ ಕೈ ತೊಳೆದುಕೊಳ್ಳುವುದು ಅನ್ಯಾಯ. 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಮಾತ್ರ ಬಾಗಿಲು ತಟ್ಟುತ್ತಿತ್ತು. 2020ರ ಸುರಕ್ಷತಾ ಸಂಹಿತೆ ಆ ಗೆರೆಯನ್ನು ಇಪ್ಪತ್ತಕ್ಕೆ ಏರಿಸಿತು. ನಾಲ್ಕು ಜನರ ಶೆಡ್ಡು ಎರಡರಲ್ಲೂ ಹೊರಗೆ. ಬಣ್ಣದಲ್ಲಿನ ಸೀಸವನ್ನು 90 ಪಿಪಿಎಂಗೆ ಕಟ್ಟಿಹಾಕಿದ 2016ರ ನಿಯಮಗಳ ವ್ಯಾಪ್ತಿ ಮನೆ ಮತ್ತು ಅಲಂಕಾರದ ಬಣ್ಣಗಳಿಗಷ್ಟೇ. ಗೋಡೆಗೆ ಸಿಕ್ಕ ರಕ್ಷಣೆ ಕಾರಿಗೆ ಬಣ್ಣ ಹೊಡೆಯುವವನಿಗೆ ಸಿಗಲಿಲ್ಲ. ಮತ್ತೆ ನಾವು ಗಿರಾಕಿಗಳು. ಪುಟ್ಟಿಗೆಷ್ಟು, ಪ್ರೈಮರಿಗೆಷ್ಟು, ಕ್ಲಿಯರಿಗೆಷ್ಟು ಎಂದು ಬಿಲ್ಲನ್ನು ಕೆದಕುತ್ತೇವೆ, ಕಾರ್ಟ್ರಿಜ್‌ಗೆ ಎಂದು ಒಂದು ಸಾಲು ಸೇರಿಸಿದರೆ ‘ಇದೇನು ಹೊಸದು’ ಎನ್ನುತ್ತೇವೆ.

ಕಂಪನಿಯ ದೊಡ್ಡ ವರ್ಕ್‌ಶಾಪುಗಳು ಈಗ ನೀರು ಆಧಾರಿತ ಬಣ್ಣದ ಕಡೆ ಹೊರಳುತ್ತಿವೆ, ಅದರ ಪ್ರಚಾರದಲ್ಲಿ ಹಸಿರು ಎಲೆಗಳ ಚಿತ್ರ ಧಾರಾಳ. ಬೇಸ್ ಕೋಟಿನಲ್ಲಿ ದ್ರಾವಕ ಬಹಳ ಇಳಿಯುತ್ತದೆ ಎನ್ನುವುದು ನಿಜ, ಸ್ವಾಗತಾರ್ಹ. ಆದರೆ ಅದರ ಮೇಲೆ ಕೂರುವ ಕ್ಲಿಯರ್ ಸಾಮಾನ್ಯವಾಗಿ ಅದೇ 2ಕೆ, ಹಾರ್ಡ್‌ನರ್ ಅದೇ ಐಸೊಸಯನೇಟ್. ಸಣ್ಣ ಗ್ಯಾರೇಜು ಇದನ್ನು ತರಬೇಕೆಂದರೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ನಾಝಲ್ ಮತ್ತು ಸೂಜಿ ಬೇಕು, ಎಣ್ಣೆಯ ಲವಲೇಶವಿಲ್ಲದ ಗಾಳಿ ಬೇಕು, ನೀರು ಆರಲು ತಗಡಿನ ಮೇಲೆ ಸದಾ ಬೀಸುವ ಒಣ ಗಾಳಿ ಬೇಕು. ಜುಲೈ ತಿಂಗಳ ಮಂಗಳೂರಿನಲ್ಲಿ, ಡ್ರೇನ್ ವಾಲ್ವ್ ತಿರುಗಿಸದ ಕಂಪ್ರೆಸರ್ ಇಟ್ಟುಕೊಂಡು ನೀರಿನ ಬಣ್ಣ ಹೊಡೆಯಲು ಹೊರಟವರಿಗೆ ಮೊದಲ ಬಾಗಿಲು ಆರುವುದರೊಳಗೆ ಮೂರನೆಯ ಗಿರಾಕಿ ಫೋನ್ ಮಾಡಿರುತ್ತಾನೆ.