ಗಾಳಿಯಲ್ಲಿ ನಿಲ್ಲುವ ಹದ್ದನ್ನು ನೋಡುವ ಬಗೆ

ಧಾರವಾಡದಿಂದ ಬೆಳಗಾವಿ ಹೆದ್ದಾರಿ ಹಿಡಿದರೆ ಮುಮ್ಮಿಗಟ್ಟಿ ಬಳಿ ಬೇಲೂರು ಕೈಗಾರಿಕಾ ಪ್ರದೇಶ. ಕಾರ್ಖಾನೆಗಳ ನಡುವೆ ಇನ್ನೂ ಕಟ್ಟಡ ಏಳದ ಜಾಗ, ಅಲ್ಲಿ ಮೊಳಕಾಲುದ್ದ ಹುಲ್ಲು, ಒಂದೆರಡು ಜಾಲಿ ಗಿಡ, ಆಚೆಗೆ ಎರಿ ಹೊಲ. ಹಕ್ಕಿ ನೋಡಲು ಇದೆಂಥ ಜಾಗ ಅನ್ನಬೇಡಿ. ಕಪ್ಪು ರೆಕ್ಕೆಯ ಹದ್ದಿಗೆ ಬೇಕಾದ ಬಯಲು, ಇಲಿ, ಕೂತು ನೋಡಲು ಕರೆಂಟಿನ ತಂತಿ ಎಲ್ಲವೂ ಇಂಥ ಕಡೆಯೇ ಸಿಗುತ್ತವೆ.

ಮೊದಲು ಗುರುತು. ಕಾಗೆಗಿಂತ ಚಿಕ್ಕದು, ತೂಕ ಸುಮಾರು ಕಾಲು ಕಿಲೋ. ಬೂದು ಬೆನ್ನು, ಹಾಲಿನಂಥ ಹೊಟ್ಟೆ, ಹೆಗಲ ಮೇಲೆ ಮಸಿ ಬಳಿದಂಥ ಪಟ್ಟೆ. ತಂತಿಯ ಮೇಲೆ ಕೂತಾಗ ಪಾರಿವಾಳವೆಂದು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಒಂದು ನಿಮಿಷ ನಿಂತು ಬಾಲ ನೋಡಿ. ಆ ಮೋಟು ಬಾಲವನ್ನು ಅದು ನಿಧಾನವಾಗಿ ಎತ್ತಿ ಇಳಿಸುತ್ತಿರುತ್ತದೆ. ದುರ್ಬೀನು ಇದ್ದರೆ ಕಣ್ಣು ನೋಡಿ: ಕೆಂಡದ ಕೆಂಪು, ಸುತ್ತ ಕಾಡಿಗೆ. ಗೂಬೆಯಂತೆ ಎರಡೂ ಕಣ್ಣು ಮುಂದಕ್ಕೆ ತಿರುಗಿವೆ. ಮೈ ಕಂದು, ಬೆನ್ನಿನ ಗರಿಗಳಿಗೆಲ್ಲ ಬಿಳಿ ಅಂಚು ಇದ್ದರೆ ಅದು ಈಚೆಗೆ ಗೂಡು ಬಿಟ್ಟ ಮರಿ.

ಇನ್ನು ಬೇಟೆ. ನಸುಕು ಇಲ್ಲವೆ ಇಳಿಹೊತ್ತು ಆರಿಸಿಕೊಳ್ಳಿ. ಮಧ್ಯಾಹ್ನ ಹೋಗಿ ಬೇಜಾರಾಗಬೇಡಿ. ಬೇಟೆ ಹುಡುಕುವಾಗ ಹದ್ದು ಆಕಾಶದಲ್ಲೇ ಗಾಳಿಗೆ ಎದುರಾಗಿ ನಿಲ್ಲುತ್ತದೆ, ಹಾಗಾಗಿ ಗಾಳಿ ಬರುವ ದಿಕ್ಕಿನಲ್ಲಿ ನೀವಿದ್ದರೆ ಅದರ ಮುಖ ಕಾಣುತ್ತದೆ. ರೆಕ್ಕೆ ಬಡಿಯುತ್ತಿದೆ, ಬಾಲ ಬಿಚ್ಚಿ ಮುಚ್ಚುತ್ತಿದೆ, ಕಾಲು ಕೆಳಗೆ ಜೋತಿವೆ, ತಲೆ ಮಾತ್ರ ಮೊಳೆ ಹೊಡೆದಂತೆ ಇದ್ದಲ್ಲೇ ಇದೆ. ಹೊಸಬರು ರೆಕ್ಕೆ ನೋಡುತ್ತಾರೆ. ನೀವು ತಲೆ ನೋಡಿ. ಬೈಠಕ್‌ನಲ್ಲಿ ಒಂದೇ ಸ್ವರ ಹಿಡಿದು ನಿಂತ ಗಾಯಕರನ್ನು ಕೇಳಿದ ಧಾರವಾಡದವರಿಗೆ ಆ ನಿಲುವಿನ ಹಿಂದಿನ ದುಡಿಮೆ ತಿಳಿಯುತ್ತದೆ.

ಹುಲ್ಲು ಅಲುಗಿದರೆ ಹದ್ದು ಒಮ್ಮೆಲೆ ಬೀಳುವುದಿಲ್ಲ. ನಾಲ್ಕಾಳೆತ್ತರ ಇಳಿದು ಮತ್ತೆ ನಿಲ್ಲುತ್ತದೆ, ಮತ್ತೊಂದಿಷ್ಟು ಇಳಿದು ಮತ್ತೆ ನಿಲ್ಲುತ್ತದೆ, ಮೆಟ್ಟಿಲು ಇಳಿದಂತೆ. ಕೊನೆಗೆ ರೆಕ್ಕೆ ಎರಡನ್ನೂ ಬೆನ್ನ ಮೇಲೆತ್ತಿ ಕಾಲು ಮುಂದೆ ಮಾಡಿ ಧುಮುಕುತ್ತದೆ. ಎಷ್ಟೋ ಸಲ ಬರಿಗಾಲಲ್ಲೇ ಏಳುತ್ತದೆ. ಅದನ್ನೂ ಬಿಡದೆ ನೋಡಿ. ಅರ್ಧ ಇಳಿದು ಬೇಡವೆಂದು ಮೇಲೇರುವ ಹದ್ದು ನನಗೆ ಇಲಿ ಹಿಡಿದ ಹದ್ದಿಗಿಂತ ಹೆಚ್ಚು ಇಷ್ಟ. ಅದರ ಲೆಕ್ಕಾಚಾರ ಕಣ್ಣಿಗೆ ಕಾಣುವುದು ಆಗಲೇ.

ಚಳಿಗಾಲದಲ್ಲಿ ಹೀಗೆಯೇ ನಿಲ್ಲುವ ಇನ್ನೊಂದು ಹಕ್ಕಿ, ಕೆಸ್ಟ್ರೆಲ್, ಉತ್ತರದಿಂದ ವಲಸೆ ಬರುತ್ತದೆ. ಬೆನ್ನು ಇಟ್ಟಂಗಿ ಬಣ್ಣ, ಬಾಲ ಉದ್ದ. ನಮ್ಮ ಹದ್ದು ಇಲ್ಲಿಯದೇ. ಏಪ್ರಿಲ್-ಮೇ ಬಿಟ್ಟರೆ ಉಳಿದ ಯಾವ ತಿಂಗಳಲ್ಲಾದರೂ ಗೂಡು ಕಟ್ಟೀತು. ಸಣ್ಣ ಕಡ್ಡಿಗಳ ಹಗುರ ಗೂಡು, ಮೂರು-ನಾಲ್ಕು ಮೊಟ್ಟೆ. ಗಂಡು ಇಲಿ ತಂದು ಕೊಡುತ್ತದೆ, ಹೆಣ್ಣು ಹರಿದು ಮರಿಗಳಿಗೆ ಉಣಿಸುತ್ತದೆ. ಇಲಿ ಹೆಚ್ಚಾದ ವರ್ಷ ಹದ್ದಿನ ಸಂಸಾರವೂ ಹೆಚ್ಚುತ್ತದೆ. ಕಡ್ಲಿ, ಜೋಳ ಬೆಳೆಯುವವರಿಗೆ ಇದಕ್ಕಿಂತ ಒಳ್ಳೆಯ ಕಾವಲುಗಾರ ಸಿಗಲಾರ.

ಅದಕ್ಕೇ ಇಲಿ ಪಾಷಾಣದ ಮಾತು ಹೇಳಲೇಬೇಕು. ಬ್ರೊಮಾಡಿಯೊಲೋನ್ ತಿಂದ ಇಲಿ ತಕ್ಷಣ ಸಾಯದೆ ಕೆಲವು ದಿನ ಮಂಕಾಗಿ ಬಯಲಲ್ಲಿ ಓಡಾಡುತ್ತದೆ. ಹದ್ದಿಗೆ ಅದು ಸುಲಭದ ತುತ್ತು, ವಿಷವೂ ಹೌದು. ಗೋದಾಮಿನಲ್ಲಿ, ಹೊಲದಲ್ಲಿ ಪಾಷಾಣ ಇಟ್ಟವರು ಸತ್ತ ಇಲಿಗಳನ್ನು ಹುಡುಕಿ ಆಳವಾಗಿ ಹೂಳಲಿ. ಖಾಲಿ ಜಾಗ ಸವರುವ ಮುಂಚೆ ಜಾಲಿ ಗಿಡದ ತುದಿಯನ್ನು ಒಮ್ಮೆ ನೋಡಿ. ಗೂಡಿದ್ದರೆ ಮರಿ ಹಾರುವವರೆಗೆ ಕೊಡಲಿ ತಡೆಯಿರಿ.